ಬೋರ್ಡು ಕನ್ನಡವಾಯಿತು, ಮನೆಯ ಮೈನ್ ಸ್ವಿಚ್ಚು ಎಲ್ಲಿದೆ?



2009ರಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ಅಕ್ಕಿ, ಕಂಬಳಿ ಕಲೆಹಾಕಿ ಲಾರಿ ತುಂಬಿಸಿ ಕಳಿಸಿದೆವು. 2018ರಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದಾಗ ಮತ್ತೆ ಕಳಿಸಿದೆವು. 2019ರಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟೊಟ್ಟಿಗೆ ಉಕ್ಕಿದಾಗಲೂ ಹಿಂದೆ ಬೀಳಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂದು ಬಿದ್ದಾಗ ಟಿ.ವಿ. ಮುಂದೆ ಕೂತು ಮರುಗಿದೆವು. ಡಬ್ಬಿ ಹಿಡಿದು ಬೀದಿಗಿಳಿಯುವುದರಲ್ಲಿ, ರಾತ್ರಿಯೆಲ್ಲಾ ನಿದ್ದೆಗೆಟ್ಟು ಲಾರಿ ತುಂಬಿಸುವುದರಲ್ಲಿ ಈ ಊರಿನ ಕನ್ನಡ ಹುಡುಗರನ್ನು ಮೀರಿಸುವವರಿಲ್ಲ. ಮುಖಸ್ತುತಿಗೆ ಹೇಳುತ್ತಿಲ್ಲ. ನಿಮ್ಮ ಕರಪತ್ರಗಳಲ್ಲಿ ಎಷ್ಟೋ ನನ್ನ ಮೆಷಿನ್ನಿನಿಂದಲೇ ಹೊರಬಂದಿವೆ, ಕಣ್ಣಾರೆ ಕಂಡಿದ್ದೇನೆ.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಮನೆಯ ಮೈನ್ ಸ್ವಿಚ್ಚು ಎಲ್ಲಿದೆ? ಗ್ಯಾಸು ಸೋರಿದರೆ ಯಾವ ನಂಬರಿಗೆ ಫೋನು ಮಾಡಬೇಕು? ಟೆರೇಸಿನ ಬಾಗಿಲಿಗೆ ಬೀಗ ಜಡಿದಿದೆಯಲ್ಲ, ಅದರ ಕೀ ಯಾರ ಹತ್ತಿರ ಇದೆ? ಅಮ್ಮ ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆಯ ಹೆಸರೇನು? ಮೊಬೈಲಿನ ಚಾರ್ಜು ಮುಗಿದುಹೋದರೆ ಅಪ್ಪನ ನಂಬರು ಬಾಯಿಗೆ ಬರುತ್ತದೆಯೆ? ಪ್ರೆಸ್ಸಿಗೆ ಬರುವ ಹುಡುಗರನ್ನು ಕೇಳಿ ನೋಡಿದೆ. ಹೆಚ್ಚಿನವರು ತಲೆ ಕೆರೆದುಕೊಂಡು ನಕ್ಕರು. ಬಾಗಲಕೋಟೆಯ ಸಂತ್ರಸ್ತರಿಗೆ ಬೆಡ್‌ಶೀಟು ಕಳಿಸಿದ ಮನೆಯಲ್ಲಿ ಸರಿಯಾದ ಒಂದು ಟಾರ್ಚು ಇಲ್ಲ! ಪ್ರಕೃತಿ ವಿಕೋಪ ಅಂದರೆ ಯಾವಾಗಲೂ ಬೇರೆಯವರ ಊರಿಗೆ ಹೋಗುವ ನೆಂಟ ಎಂದೇ ನಾವು ತಿಳಿದಿದ್ದೇವೆ.

ಆ ನೆಂಟ ಬೆಂಗಳೂರಿಗೂ ಬಂದ. 2022ರ ಸೆಪ್ಟೆಂಬರ್ 4ರ ರಾತ್ರಿ. ಮರುದಿನ ಬೆಳಗಿನ ಹೊತ್ತಿಗೆ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಮಿಲಿಮೀಟರು ಅಂದರೆ ನಮಗೆ ತಲೆಗೆ ಹೋಗುವುದಿಲ್ಲ. ಲೆಕ್ಕ ಹೀಗೆ ಹಾಕಿ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು-ನಲವತ್ತರ ಸೈಟು ಅಂದರೆ 111 ಚದರ ಮೀಟರ್ ಚಿಲ್ಲರೆ. ಆ ಒಂದು ರಾತ್ರಿ ಅಂಥ ಒಂದೊಂದು ಸೈಟಿನ ಮೇಲೂ ಸುಮಾರು 14,600 ಲೀಟರ್ ನೀರು ಸುರಿಯಿತು. 6,000 ಲೀಟರಿನ ಟ್ಯಾಂಕರುಗಳಲ್ಲಿ ಹತ್ತಿರ ಹತ್ತಿರ ಎರಡೂವರೆ ಟ್ಯಾಂಕರು! ಒಂದು ಬೀದಿಗೆ ಎಷ್ಟಾಯಿತು, ನೀವೇ ಗುಣಿಸಿಕೊಳ್ಳಿ.

ಬೆಂಗಳೂರು ದಿಬ್ಬದ ಮೇಲಿನ ಊರು. ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ ಎಂದು ನೀರು ತನ್ನ ದಾರಿ ತಾನೇ ಹಿಡಿದು ಕೆರೆಯಿಂದ ಕೆರೆಗೆ ಇಳಿದು ಹೋಗುತ್ತಿತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ರಾಜಕಾಲುವೆ ಕೊಳಚೆ ಮೋರಿಯಾಯಿತು. ನೀರಿಗೆ ಮಾತ್ರ ತನ್ನ ಹಳೆಯ ದಾರಿ ಮರೆತಿಲ್ಲ. ಬೆಳ್ಳಂದೂರಿನ ಸುತ್ತಮುತ್ತ ಕೋಟಿಗಟ್ಟಲೆಯ ವಿಲ್ಲಾದವರೂ ಶೀಟಿನ ಮನೆಯವರೂ ಒಂದೇ ನೀರಿನಲ್ಲಿ ನಿಂತರು. ಸಾಫ್ಟ್‌ವೇರಿನವರು ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋದರು. ರಾಜಕಾಲುವೆ ನುಂಗಿ ನೀರು ಕುಡಿದವರ ಕತೆ ಬರೆಯಲು ಈ ಪತ್ರಿಕೆಯ ಎಲ್ಲ ಪುಟಗಳೂ ಸಾಲವು. ಅದನ್ನು ಬಿಡುವವರು ನಾವಲ್ಲ, ಆದರೆ ಇವತ್ತಿನ ಮಾತು ಬೇರೆ.

ಆ ದಿನಗಳಲ್ಲೇ ನಡೆದ ಇನ್ನೊಂದು ಸಂಗತಿ ಬಹಳ ಜನಕ್ಕೆ ಮರೆತುಹೋಗಿದೆ. ಬೆಂಗಳೂರಿಗೆ ಕಾವೇರಿಯನ್ನು ಏರಿಸಿ ಕಳಿಸುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ. ಇಲ್ಲಿಗೆ ನೂರು ಕಿ.ಮೀ. ಹತ್ತಿರ. ಅಲ್ಲಿಯ ಪಂಪ್‌ಹೌಸಿಗೇ ನೀರು ನುಗ್ಗಿ ಯಂತ್ರಗಳು ಮುಳುಗಿದವು. ಬೀದಿಯಲ್ಲಿ ಎದೆಮಟ್ಟ ನೀರು, ನಲ್ಲಿಯಲ್ಲಿ ತೊಟ್ಟು ನೀರಿಲ್ಲ! ಎಲ್ಲೋ ಬಿದ್ದ ಮಳೆ ನಿಮ್ಮ ಅಡುಗೆಮನೆಯ ಕೊಡವನ್ನು ಖಾಲಿ ಮಾಡಿತು. ನಿಮ್ಮ ಮನೆ ಮೂರನೇ ಮಹಡಿಯಲ್ಲಿದ್ದರೇನು, ಎತ್ತರದ ಬಡಾವಣೆಯಲ್ಲಿದ್ದರೇನು? ಕರೆಂಟು ಹೋಯಿತು, ಮೋಟಾರು ನಿಂತಿತು, ಲಿಫ್ಟು ನಿಂತಿತು, ಮೊಬೈಲು ಸತ್ತಿತು. ಮುಳುಗದ ಮನೆಯೂ ಮುಳುಗಿದಂತೆಯೇ.

ಇಂಥ ಹೊತ್ತಿನಲ್ಲಿ ಮೊದಲ ಕೆಲವು ಗಂಟೆ ಯಾರೂ ಬರುವುದಿಲ್ಲ. ಸರ್ಕಾರವನ್ನು ಬೈಯಲು ಹೇಳುತ್ತಿಲ್ಲ, ಬೈಯಲು ಬೇಕಾದಷ್ಟು ಬೇರೆ ಕಾರಣಗಳಿವೆ. ರಸ್ತೆಯೇ ಹೊಳೆಯಾದಾಗ ಅಗ್ನಿಶಾಮಕ ದಳದವರೂ ಅದೇ ರಸ್ತೆಯಲ್ಲೇ ಬರಬೇಕಲ್ಲವೆ? ಆ ಗಂಟೆಗಳನ್ನು ಮನೆಯವರೇ ನೀಗಬೇಕು. ಆಗ ಮನೆಯಲ್ಲಿ ಯಾರಿರುತ್ತಾರೆ? ನೀವಿರುವುದಿಲ್ಲ. ನೀವು ಆಫೀಸಿನಲ್ಲೋ, ಕಾಲೇಜಿನಲ್ಲೋ, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲೋ ಸಿಕ್ಕಿಕೊಂಡಿರುತ್ತೀರಿ. ಮನೆಯಲ್ಲಿರುವುದು ಅಜ್ಜಿ, ಶಾಲೆಯಿಂದ ಬಂದ ತಂಗಿ, ಪಾತ್ರೆ ತೊಳೆಯಲು ಬಂದ ಅಕ್ಕ. ಸಿದ್ಧತೆ ನಿಮ್ಮ ಒಬ್ಬರ ತಲೆಯಲ್ಲಿದ್ದರೆ, ಮೊಬೈಲಿನ ಆಪಿನಲ್ಲಿದ್ದರೆ ಅವರಿಗೆ ಏನು ಪ್ರಯೋಜನ? ಗಾಬರಿಯಲ್ಲಿ ಕೈ ನಡುಗುವಾಗ ಅಜ್ಜಿಯ ಕಣ್ಣಿಗೆ ಬೀಳಬೇಕು, ಅಜ್ಜಿಯ ಬಾಯಿ ಅದನ್ನು ಓದಬೇಕು. ಅದಕ್ಕೆ ಬೇಕಾಗಿರುವುದು ಅಡುಗೆಮನೆಯ ಗೋಡೆಯ ಮೇಲೆ ಒಂದು ಹಾಳೆ. ಕನ್ನಡದ ಹಾಳೆ. ಈ ಸಂಪಾದಕೀಯವೆಲ್ಲ ಆ ಒಂದು ಹಾಳೆಗಾಗಿಯೇ.

ಹಾಳೆಯಲ್ಲಿ ಮೊದಲು ಬರೆಯಬೇಕಾದದ್ದು ಕರೆಂಟಿನ ವಿಷಯ. ನಗರದ ಮಳೆಯಲ್ಲಿ ನೀರಿನಷ್ಟೇ ಹೆದರಬೇಕಾದದ್ದು ನೀರಿನೊಳಗಿನ ಕರೆಂಟಿಗೆ. 2023ರ ನವೆಂಬರಿನಲ್ಲಿ ವೈಟ್‌ಫೀಲ್ಡಿನ ಹತ್ತಿರ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಎಳೆ ಮಗು ಸುಟ್ಟುಹೋದರು. ಅಂದು ಪ್ರವಾಹವೂ ಇರಲಿಲ್ಲ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆಯ ಕಡೆ ಅಪಾರ್ಟ್‌ಮೆಂಟಿನ ತಳಮಹಡಿಯ ನೀರು ಹೊರಹಾಕುವ ಹೊತ್ತಿನಲ್ಲಿ ಕರೆಂಟು ಹೊಡೆದು ಇಬ್ಬರು ಸತ್ತರು, ಅವರಲ್ಲಿ ಒಬ್ಬ ಹುಡುಗ. ನೀರು ಹೊಸ್ತಿಲು ದಾಟುವ ಮೊದಲೇ ಮೈನ್ ಆಫ್ ಮಾಡಬೇಕು. ನೀರು ನುಗ್ಗಿದ ಮೇಲೆ ನೀರಿನಲ್ಲಿ ನಿಂತು ಬೋರ್ಡು ಮುಟ್ಟುವುದು ಯಮನಿಗೆ ಕೈ ಕೊಟ್ಟಂತೆ. ಆಗ 1912ಕ್ಕೆ ಫೋನು ಮಾಡಿ ಬೀದಿಯ ಲೈನನ್ನೇ ತೆಗೆಸಿ. ಮರೆಯುವ ಮಾತೊಂದಿದೆ: ಮೈನ್ ಆಫ್ ಆದರೂ ಯುಪಿಎಸ್ ಇರುವ ಮನೆಯಲ್ಲಿ ಕರೆಂಟು ಸತ್ತಿರುವುದಿಲ್ಲ. ಮೆಟ್ಟಿಲ ಕೆಳಗೆ ನೆಲದ ಮೇಲೆ ಇಟ್ಟ ಬ್ಯಾಟರಿ ಅದೇ ನೀರಿನಲ್ಲಿ ಕೂತು ಲೈನಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಅದನ್ನೂ ಆಫ್ ಮಾಡಬೇಕು, ಸಾಧ್ಯವಾದರೆ ಇವತ್ತೇ ಎರಡಡಿ ಮೇಲಕ್ಕೆ ಎತ್ತಿಡಿಸಿ.

ಮೀಟರ್ ಬೋರ್ಡಿನಲ್ಲಿ ಟೆಸ್ಟ್ ಎಂಬ ಪುಟ್ಟ ಗುಂಡಿಯಿರುವ ಒಂದು ಸ್ವಿಚ್ಚು ಇದೆಯೇ ನೋಡಿ. ನಮ್ಮ ಎಲೆಕ್ಟ್ರಿಷಿಯನ್ನರು ಅದನ್ನು ಇಎಲ್‌ಸಿಬಿ ಅನ್ನುತ್ತಾರೆ, ಈಗಿನದು ಆರ್‌ಸಿಸಿಬಿ. 30 ಮಿಲಿ ಆಂಪಿಯರಿನಷ್ಟು ಕರೆಂಟು ದಾರಿ ತಪ್ಪಿ ಮೈಯೊಳಗೆ ಇಳಿಯಲು ಹೊರಟರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿದುಹಾಕುತ್ತದೆ. ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ, ಟಕ್ಕನೆ ಬಿದ್ದರೆ ಸರಿಯಿದೆ ಎಂದರ್ಥ. ಬಾಡಿಗೆ ಮನೆಯೆ? ಹಾಗಾದರೆ ಓನರನ್ನು ಕೇಳಿ ಹಾಕಿಸಿ. ಹತ್ತು ತಿಂಗಳ ಅಡ್ವಾನ್ಸು ಎಣಿಸಿಕೊಂಡ ಕೈಗೆ ಇದೇನು ದೊಡ್ಡ ಖರ್ಚಲ್ಲ. ಮೀಟರ್ ಬಾಕ್ಸಿಗೆ ಬೀಗ ಹಾಕಿ ಕೀ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಓನರುಗಳಿದ್ದಾರೆ. ಆ ಬೀಗ ತೆಗೆಸುವವರೆಗೂ ಬಿಡಬೇಡಿ.

ಬೀಗದ ಮಾತು ಬಂತು. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನ ಸತ್ತರು. ಕರೆಂಟಿನ ತಂತಿಗಳ ಕಡೆಯಿಂದ ಎದ್ದ ಹೊಗೆ ಮಹಡಿಗಳಿಗೆಲ್ಲಾ ಏರಿತು, ತುರ್ತು ಬಾಗಿಲಿಗೆ ಬೀಗ, ಉಸಿರು ಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ನಮ್ಮ ಮನೆಗಳೇನು ಬೇರೆಯೆ? ಕಳ್ಳರ ಭಯಕ್ಕೆ ಕಿಟಕಿಗೆಲ್ಲ ಗ್ರಿಲ್ಲು, ಬಾಲ್ಕನಿಗೆ ಗ್ರಿಲ್ಲು, ಟೆರೇಸಿಗೆ ಬೀಗ. ಒಳಗೆ ಬರಲಾಗದ ಮನೆಯಿಂದ ಹೊರಗೆ ಹೋಗಲೂ ಆಗುವುದಿಲ್ಲ. ಒಂದು ಗ್ರಿಲ್ಲಿಗಾದರೂ ಒಳಗಿನಿಂದ ತೆಗೆಯುವ ಬಾಗಿಲು ಮಾಡಿಸಿ, ಕೀಯನ್ನು ಅದರ ಪಕ್ಕದಲ್ಲೇ, ಹೊರಗಿನಿಂದ ಕೈಗೆಟುಕದ ಕಡೆ ಮೊಳೆಗೆ ನೇತುಹಾಕಿ. ಹೊಗೆ ತುಂಬಿದರೆ ನಿಂತು ಓಡಬೇಡಿ. ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ, ಬಗ್ಗಿ ತೆವಳಿಕೊಂಡು ಹೋಗಿ. ಲಿಫ್ಟಿನ ಹತ್ತಿರ ಸುಳಿಯಲೇಬೇಡಿ.

ಗ್ಯಾಸಿನದು ಇದಕ್ಕೆ ತಿರುಗಾಮುರುಗಾ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡಿಕೊಳ್ಳುತ್ತದೆ. ವಾಸನೆ ಬಂದ ಕೂಡಲೇ ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ಲೈಟು ಹಾಕುವುದೂ ಬೇಡ, ಆರಿಸುವುದೂ ಬೇಡ, ಒಂದು ಕಿಡಿ ಸಾಕು. ಹೊರಗೆ ಬಂದು 1906ಕ್ಕೆ ಫೋನು ಮಾಡಿ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷದ ಎರಡಂಕಿ ಇರುತ್ತದೆ, ನೋಡಿದ್ದೀರಾ? ಎ ಅಂದರೆ ಜನವರಿಯಿಂದ ಮಾರ್ಚು, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರು. ಆ ಹೊತ್ತಿಗೆ ಸಿಲಿಂಡರು ಪರೀಕ್ಷೆಗೆ ಹೋಗಬೇಕು ಎಂದು ಅದರ ಅರ್ಥ. ಅವಧಿ ಮುಗಿದ ಸಿಲಿಂಡರು ತಂದರೆ ವಾಪಸ್ಸು ಕಳಿಸುವ ಹಕ್ಕು ನಿಮ್ಮದು. ಇಷ್ಟು ಮುಖ್ಯವಾದ ಗುರುತು ಬೀಜಗಣಿತದ ಲೆಕ್ಕದ ಹಾಗಿರುವುದೇಕೆ, ಅದನ್ನು ಕನ್ನಡದಲ್ಲಿ ಬಿಡಿಸಿ ಬರೆಯಲು ಏನು ಅಡ್ಡಿ ಎಂದು ಯಾರೂ ಕೇಳಿದಂತಿಲ್ಲ.

ನೀರು: ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ್ದು ಯಾವಾಗಲೂ ಮುಚ್ಚಿಟ್ಟಿರಲಿ. ಪ್ರವಾಹದ ನೀರು ಸಂಪಿಗೆ ಇಳಿದಿದ್ದರೆ ಆ ಸಂಪನ್ನು ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವವರೆಗೂ ಬಾಯಿಗೆ ಹಾಕಬಾರದು. ಬೇಧಿ ಶುರುವಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಇನ್ಸುಲಿನ್ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಫ್ರಿಜ್ಜು ನಿಂತ ದಿನಕ್ಕೆ ಒಂದು ಮಣ್ಣಿನ ಮಡಕೆ ಇರಲಿ. ಒದ್ದೆ ಮಡಕೆಯ ತಂಪಿನಲ್ಲಿ ಬಾಟಲನ್ನು ನೀರು ತಾಗದಂತೆ ಡಬ್ಬಿಯಲ್ಲಿಟ್ಟರೆ ಕೆಲವು ದಿನ ಸುಧಾರಿಸಬಹುದು. ಬಿ.ಪಿ., ಸಕ್ಕರೆಯ ಮಾತ್ರೆ ಒಂದು ವಾರದ್ದು ಹೆಚ್ಚಿಗೆ ಇಟ್ಟುಕೊಳ್ಳಿ.

ಬೈಕು, ಕಾರಿನವರಿಗೆ ಒಂದೇ ಮಾತು. 2023ರ ಮೇ 21ರಂದು ವಿಧಾನಸೌಧದ ಕೂಗಳತೆಯ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಕೆಲಸಕ್ಕೆಂದು ಈ ಊರಿಗೆ ಬಂದ ಹೆಣ್ಣುಮಗಳು ಸತ್ತಳು. ನೀರು ನಿಂತ ಅಂಡರ್‌ಪಾಸಿಗೆ ಇಳಿಯಬೇಡಿ. ಎರಡಡಿ ಹರಿಯುವ ನೀರಿಗೆ ಕಾರೂ ಕಾಗದದ ದೋಣಿಯೇ.

ಇನ್ನು ಕಾಗದ ಪತ್ರಗಳ ವಿಷಯ. ಇದರಲ್ಲಿ ನನಗೆ ಸ್ವಲ್ಪ ಅಧಿಕಾರವಿದೆ. ಪಿಯುಸಿ ಮುಗಿಸಿ ಕಂಪೋಸಿಂಗ್ ಸ್ಟೂಲಿನ ಮೇಲೆ ಕೂತವನು ಇವತ್ತಿಗೂ ಕಾಗದದ ಧೂಳಿನಲ್ಲೇ ಇದ್ದೇನೆ. ಪ್ರವಾಹ ಬಂದುಹೋದ ಮನೆಯಲ್ಲಿ ಟಿ.ವಿ., ಸೋಫಾ ಹೋದದ್ದಕ್ಕೆ ಅಳುವವರಿಗಿಂತ ಮಾರ್ಕ್ಸ್ ಕಾರ್ಡು, ಕ್ರಯಪತ್ರ ಹೋದದ್ದಕ್ಕೆ ಅಳುವವರ ಅಳು ಹೆಚ್ಚು ದಿನ ನಡೆಯುತ್ತದೆ. ನಕಲು ಪ್ರತಿಗೆ ಅರ್ಜಿ, ಅಫಿಡವಿಟ್ಟು, ಶುಲ್ಕ, ನಾಳೆ ಬಾ! ನಾವೆಲ್ಲ ಇವನ್ನು ಎಲ್ಲಿಡುತ್ತೇವೆ? ಬೀರುವಿನ ಕೆಳಗಿನ ಲಾಕರಿನಲ್ಲಿ. ನೀರು ಮೊದಲು ಬರುವುದೂ ಅಲ್ಲಿಗೇ. ಇವತ್ತೇ ಮೇಲಿನ ಅರೆಗೆ ಏರಿಸಿ. ಎಲ್ಲವೂ ಒಂದೇ ಚೀಲದಲ್ಲಿ, ಜಿಪ್ ಇರುವ ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು ಕವರು. ಮೂಲ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಕಾಯಿಸಿ ಅಂಟಿಸಿದ್ದನ್ನು ಆಮೇಲೆ ಬಿಡಿಸಲು ಬರುವುದಿಲ್ಲ. ಡಿಜಿಲಾಕರಿನಲ್ಲಿ ಇಲಾಖೆಯೇ ಕೊಟ್ಟ ಪ್ರತಿಗೆ ಕಾನೂನಿನಲ್ಲಿ ಮೂಲದಷ್ಟೇ ಬೆಲೆ. ಸಿಗುವಷ್ಟನ್ನು ಇಳಿಸಿಕೊಳ್ಳಿ.

ಕಾಗದ ನೆಂದೇಹೋದರೆ? ಒಂದು ಮಳೆಗಾಲ ಮೋರಿ ಉಕ್ಕಿ ನಮ್ಮ ಪ್ರೆಸ್ಸಿಗೇ ನೀರು ನುಗ್ಗಿತ್ತು. ಮ್ಯಾಪ್ಲಿಥೋ ಒಣಗಿಸಿಕೊಂಡೆವು, ಬಿಲ್ ಪುಸ್ತಕಕ್ಕೆ ಬಂತು. ನುಣುಪಿನ ಆರ್ಟ್ ಪೇಪರು ಮಾತ್ರ ಒಣಗಿದ ಮೇಲೆ ಇಟ್ಟಿಗೆಯಾಯಿತು, ಹಾಳೆಗೆ ಹಾಳೆ ಕಚ್ಚಿಕೊಂಡು ಬಿಡಲೇ ಇಲ್ಲ. ಆದ್ದರಿಂದ ನುಣುಪು ಕಾಗದ, ಫೋಟೋಗಳನ್ನು ಒದ್ದೆಯಿರುವಾಗಲೇ ಮೆಲ್ಲಗೆ ಬಿಡಿಸಬೇಕು. ಮಡಿಕೆಯಲ್ಲಿ ಅಂಟಿದ ಹಳೇ ಪತ್ರವನ್ನು ಎಳೆಯಬೇಡಿ. ಮೇಲೆ ಕೆಳಗೆ ಅಚ್ಚಿಲ್ಲದ ಬಿಳಿ ಕಾಗದವಿಟ್ಟು, ಗಂಟೆಗೊಮ್ಮೆ ಬದಲಿಸಿ, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಒಣಗಿಸಿ. ಬಿಸಿಲಿಗೆ ಹಾಕಿದರೆ ಸುರುಟಿ ಬಿರಿಯುತ್ತದೆ. ಎರಡು ದಿನ ಒದ್ದೆಯಾಗಿ ಬಿಟ್ಟರೆ ಬೂಷ್ಟು. ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ಬೂಷ್ಟು ಅಲ್ಲಿಗೆ ನಿಲ್ಲುತ್ತದೆ, ಆಮೇಲೆ ತೆಗೆದು ಒಣಗಿಸಬಹುದು.

ಗೋಡೆಯ ಹಾಳೆಗೂ ಇದೇ ಕಸುಬಿನ ಮಾತು. ಇಂಕ್‌ಜೆಟ್ಟಿನಲ್ಲಿ ತೆಗೆದರೆ ನಾಲ್ಕು ಹನಿ ಬಿದ್ದ ಕೂಡಲೇ ಅಕ್ಷರ ಅಳತೊಡಗುತ್ತದೆ. ಲೇಸರ್ ಪ್ರಿಂಟು, ಜೆರಾಕ್ಸಿನದು ಕರಿಪುಡಿ ಕಾಯಿಸಿ ಕೂರಿಸಿದ್ದು, ನೀರಿಗೆ ಜಗ್ಗುವುದಿಲ್ಲ. ಕೈಬರಹವಾದರೆ ಜೆಲ್ ಪೆನ್ನು ಬೇಡ, ಬಾಲ್ ಪೆನ್ನು. ಅಕ್ಷರ ದೊಡ್ಡದಿರಲಿ, ಆದರೆ ತೀರಾ ದಪ್ಪ ಫಾಂಟು ಬೇಡ. ಒತ್ತಕ್ಷರ ಮಸಿ ತುಂಬಿಕೊಂಡು ಅಜ್ಜಿಯ ಕನ್ನಡಕಕ್ಕೆ ಬರಿ ಕಪ್ಪು ಚುಕ್ಕೆಯಾಗುತ್ತದೆ. ಬರೆಯಬೇಕಾದ್ದು: ಪೊಲೀಸು, ಬೆಂಕಿ, ಆಂಬುಲೆನ್ಸು ಯಾವುದಕ್ಕಾದರೂ 112. ಕರೆಂಟು 1912. ಗ್ಯಾಸು 1906. ಜಿಲ್ಲಾಡಳಿತದ ತುರ್ತು ನಂಬರು 1077. ಮನೆಯವರೆಲ್ಲರ ನಂಬರು. ಊರಿನಲ್ಲಿರುವ ಒಬ್ಬರ ನಂಬರು, ದಾವಣಗೆರೆಯ ಚಿಕ್ಕಮ್ಮನೋ ಹಾಸನದ ಮಾವನೋ. ಇಲ್ಲಿನ ಲೈನುಗಳು ಜಾಮ್ ಆಗಿ ಒಬ್ಬರಿಗೊಬ್ಬರು ಸಿಗದಿದ್ದರೂ ಎಲ್ಲರೂ ಅವರಿಗೆ ಹೇಳಿದರೆ ಅವರಿಂದ ಸುದ್ದಿ ತಿಳಿಯುತ್ತದೆ. ಮೈನ್ ಸ್ವಿಚ್ಚು ಎಲ್ಲಿದೆ, ಕೀ ಎಲ್ಲಿದೆ, ಕಾಗದದ ಚೀಲ ಎಲ್ಲಿದೆ, ಯಾರ ಔಷಧಿ ಯಾವುದು, ಮನೆ ಬಿಡಬೇಕಾದರೆ ಎಲ್ಲಿ ಸೇರಬೇಕು. ಅಷ್ಟೇ. ಬರೆದ ಮೇಲೆ ಒಂದು ಭಾನುವಾರ ನೀವು ಸುಮ್ಮನೆ ಕೂತು ಅಜ್ಜಿಯಿಂದಲೇ ಮೈನ್ ಆಫ್ ಮಾಡಿಸಿ ನೋಡಿ. ಸ್ವಿಚ್ಚು ಅವರ ಕೈಗೆ ಎಟುಕುತ್ತದೆಯೆ?

ಇನ್ನು ನಮ್ಮ ಹೋರಾಟದ ಮಾತು. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕೆಂದು 2023ರ ಡಿಸೆಂಬರಿನಲ್ಲಿ ಬೀದಿಗಿಳಿದರು, 2024ರಲ್ಲಿ ಕಾನೂನೇ ತಿದ್ದುಪಡಿಯಾಯಿತು. ಸಂತೋಷ. ಈಗ ಆ ಬೋರ್ಡಿನ ಕೆಳಗೆ ನುಗ್ಗಿ ಒಳಗೆ ಹೋಗಿ ನೋಡಿ. ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಎಂಬ ಫಲಕ ಇಂಗ್ಲಿಷಿನಲ್ಲಿ. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೇಲಿನ ಸೂಚನೆ ಇಂಗ್ಲಿಷಿನಲ್ಲಿ. ಹೊರಗೆ ಹೆಸರು ಕನ್ನಡ, ಒಳಗೆ ಜೀವ ಇಂಗ್ಲಿಷು! ಒಂದು ಅಪಾರ್ಟ್‌ಮೆಂಟಿನವರು ಇಂಥ ಫಲಕ ಮಾಡಿಸಲು ನಮ್ಮಲ್ಲಿಗೆ ಬಂದಿದ್ದರು. ಕನ್ನಡದಲ್ಲೂ ಹಾಕೋಣವೇ ಸಾರ್ ಎಂದೆ. ನಮ್ಮಲ್ಲಿ ಕನ್ನಡ ಓದುವವರು ಕಡಿಮೆ ಎಂದರು. ಅಡುಗೆಗೆ ಬರುವವರು, ಗುಡಿಸುವವರು, ಪ್ಲಂಬರು, ಡ್ರೈವರು ಅವರ ಲೆಕ್ಕಕ್ಕೇ ಇಲ್ಲ! ಹಗಲು ಹೊತ್ತು ಆ ಕಟ್ಟಡದಲ್ಲಿರುವವರು ಇವರೇ ಅಲ್ಲವೆ? ಹಾಗೆಂದು ನಾವೂ ಕುರುಡಾಗುವುದು ಬೇಡ. ಗೇಟಿನ ಸೆಕ್ಯೂರಿಟಿ ಅಸ್ಸಾಮಿನವನಾಗಿದ್ದರೆ ಅವನಿಗೆ ಅವನ ಭಾಷೆಯಲ್ಲೂ ಬರೆದು ಅಂಟಿಸಲಿ. ಉಸಿರು ಕಟ್ಟುವ ಹೊತ್ತಿನಲ್ಲಿ ಯಾರ ಭಾಷೆಗೂ ನಮ್ಮ ತಕರಾರಿಲ್ಲ. ಆದರೆ ಈ ನೆಲದಲ್ಲಿ ಮೊದಲ ಸಾಲು ಕನ್ನಡದ್ದು.

ಕೆಂಪು ಸಿಲಿಂಡರಿಗೆ ಕನ್ನಡದಲ್ಲಿ ನಾಲ್ಕೇ ಸಾಲು ಸಾಕು: ಪಿನ್ನು ಕೀಳು. ಬೆಂಕಿಯ ಬುಡಕ್ಕೆ ಹಿಡಿ. ಹಿಡಿಕೆ ಒತ್ತು. ಅತ್ತಿತ್ತ ಬೀಸು. ಇದನ್ನು ಬರೆಯಲು ಭಾಷಾಂತರ ಸಮಿತಿ ಬೇಕೆ?

ಮಳೆಯ ಎಚ್ಚರಿಕೆಯ ವಿಷಯದಲ್ಲೂ ಕೇಳಬೇಕಾದದ್ದಿದೆ. ಯಲಹಂಕದಲ್ಲಿ ನಮ್ಮ ರಾಜ್ಯದ್ದೇ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆ ಅಳೆಯುವ ಯಂತ್ರಗಳ ಜಾಲ ಹರಡಿದೆ. ಇಂಥ ವ್ಯವಸ್ಥೆ ಮಾಡಿಕೊಂಡ ರಾಜ್ಯದಲ್ಲಿ ಎಚ್ಚರಿಕೆ ಅಜ್ಜಿಗೆ ತಿಳಿಯುವ ಮಾತಿನಲ್ಲಿ ಬರಬೇಕು. ಆರೆಂಜ್ ಅಲರ್ಟು ಅಂದರೆ ಆಕೆಗೆ ಏನು ತಿಳಿದೀತು, ಕಿತ್ತಳೆ ಹಣ್ಣೆ? ‘ಇವತ್ತು ರಾತ್ರಿ ವಿಪರೀತ ಮಳೆ, ತಗ್ಗಿನ ಮನೆಯವರು ಸಾಮಾನು ಮೇಲೆತ್ತಿ’ ಎಂದು ಹೇಳಲಿ. ನಿಮ್ಮ ಶಾಖೆಯ ಮುಂದಿನ ಮನವಿ ಪತ್ರದಲ್ಲಿ ಈ ಎರಡು ಬೇಡಿಕೆ ಸೇರಿಸಿ: ಪ್ರತಿ ಕಟ್ಟಡದೊಳಗಿನ ಪ್ರತಿ ಅಪಾಯ ಸೂಚನೆಯಲ್ಲಿ ಮೊದಲು ಕನ್ನಡ, ಪ್ರತಿ ಎಚ್ಚರಿಕೆಯೂ ಆಡುಮಾತಿನ ಕನ್ನಡದಲ್ಲಿ.

ನಮ್ಮ ಪ್ರೆಸ್ಸಿನಲ್ಲಿ ಕಟಿಂಗಿನಲ್ಲಿ ಉಳಿದ ದಪ್ಪ ಕಾರ್ಡಿನ ತುಂಡುಗಳು ರಾಶಿ ಬಿದ್ದಿವೆ. ಗೋಡೆಯ ಹಾಳೆಗೆ ಹೇಳಿ ಮಾಡಿಸಿದ ಅಳತೆ. ಶಾಖೆಯವರು ಬಂದು ಎಷ್ಟು ಬೇಕಾದರೂ ತೆಗೆದುಕೊಂಡು ಹೋಗಿ, ಕಾಸು ಬೇಡ. ಒಂದೇ ಷರತ್ತು. ಬರುವಾಗ ನಿಮ್ಮ ಸ್ವಂತ ಮನೆಯ ಹಾಳೆ ಬರೆದು ತಂದು ತೋರಿಸಬೇಕು. ಬೀದಿಯ ಮನೆಗಳದ್ದು ಆಮೇಲೆ.